ಪೊಲೀಸ್ ನೌಕರಿಗೆ ಓದುವವರು ಇಎಂಟಿ ಕೋರ್ಸ್ ಮಾಡಬೇಕೇ?

ಓದುಗರ ಪ್ರಶ್ನೆ: ಅಕ್ಕಾರ, ನಮಸ್ಕಾರ. ನಾನು ರೋಣ ತಾಲ್ಲೂಕಿನಾಂವ. ಬಿ.ಎ. ಮುಗಿಸಿ ಧಾರವಾಡ ಸಪ್ತಾಪುರದಾಗ ರೂಮ್ ಮಾಡ್ಕೊಂಡು ಪಿಸಿ (ಕಾನ್‌ಸ್ಟೇಬಲ್), ಪಿಎಸ್‌ಐ (ಸಬ್ ಇನ್‌ಸ್ಪೆಕ್ಟರ್) ಎರಡಕ್ಕೂ ಓದಾಕತ್ತೀನಿ. ನೋಟಿಫಿಕೇಶನ್ ಯಾವಾಗ ಬರತೈತೋ ಗೊತ್ತಿಲ್ಲ. ಅಲ್ಲೀತನಕ ಎಮರ್ಜೆನ್ಸಿ ಮೆಡಿಕಲ್ ಟೆಕ್ನಿಷಿಯನ್ (ಇಎಂಟಿ) ಕೋರ್ಸ್ ಮಾಡ್ರಿ, ಪೊಲೀಸ್ ಸೆಲೆಕ್ಷನ್‌ಗೆ ಭಾಳ ಅನುಕೂಲ ಆಕ್ಕತಿ ಅಂತ ಒಂದು ಕಡೆ ಹೇಳಿದ್ರು. ಫೀ ಕೇಳಿದ್ರ ಅಪ್ಪಗ ಹೇಳಾಕ ಧೈರ್ಯ ಆಗವಲ್ತು. ಮಾಡ್ಲ್ಯೋ ಬ್ಯಾಡೋ?

ಉತ್ತರ: ಸೆಲೆಕ್ಷನ್ ಆಗಲಿ ಎಂದು ಆ ಕೋರ್ಸಿಗೆ ದುಡ್ಡು ಕಟ್ಟಬೇಡಿ. ಆದರೆ ಪ್ರಥಮ ಚಿಕಿತ್ಸೆಯ ತರಬೇತಿಯನ್ನು ನೋಟಿಫಿಕೇಶನ್‌ಗೆ ಕಾಯದೆ ಈಗಲೇ ಮಾಡಿ. ಅದು ಒಂದೆರಡು ದಿನದ್ದು, ಅಪ್ಪನ ಮುಂದೆ ಹೇಳಲು ಹೆದರುವಷ್ಟು ಖರ್ಚಿನದಲ್ಲ. ಎರಡೂ ಮಾತನ್ನು ಯಾಕೆ ಹೇಳುತ್ತೇನೆ ಎಂದರೆ, ನಾನು ಹುಬ್ಬಳ್ಳಿಯಲ್ಲಿ ಕ್ಯಾಷುವಲ್ಟಿ ನರ್ಸ್ ಆಗಿ ಬಹಳ ವರ್ಷ ಕೆಲಸ ಮಾಡಿದವಳು. ಗಾಯಾಳುಗಳನ್ನು ಹೊತ್ತು ತರುತ್ತಿದ್ದ ಪೊಲೀಸರನ್ನು ಸ್ಟ್ರೆಚರ್‌ನ ಈಚೆಯಿಂದ ನೋಡಿದ್ದೇನೆ. ಒಬ್ಬ ಕಾನ್‌ಸ್ಟೇಬಲ್‌ಗೆ ರಕ್ತ ನಿಲ್ಲಿಸುವುದು ಗೊತ್ತಿದ್ದರೆ ಏನಾಗುತ್ತದೆ, ಗೊತ್ತಿಲ್ಲದಿದ್ದರೆ ಏನಾಗುತ್ತದೆ, ಎರಡನ್ನೂ ಕಂಡಿದ್ದೇನೆ.

ಮೊದಲು ಸೆಲೆಕ್ಷನ್ ವಿಷಯ ಮುಗಿಸೋಣ. ನಮ್ಮ ರಾಜ್ಯದಲ್ಲಿ ಸಿವಿಲ್ ಕಾನ್‌ಸ್ಟೇಬಲ್ ಹುದ್ದೆಗೆ 100 ಅಂಕದ ಲಿಖಿತ ಪರೀಕ್ಷೆ. ಪಿಎಸ್‌ಐಗೆ 50 ಅಂಕದ ಮೊದಲ ಪತ್ರಿಕೆ, 150 ಅಂಕದ ಎರಡನೆಯದು. ಓಟ, ಜಿಗಿತ, ಗುಂಡು ಎಸೆತದಲ್ಲಿ ಪಾಸಾಗಬೇಕು. ಆಯ್ಕೆ ಪಟ್ಟಿ ನಿಲ್ಲುವುದು ಲಿಖಿತ ಪರೀಕ್ಷೆಯ ಅಂಕ ಮತ್ತು ಮೀಸಲಾತಿಯ ಮೇಲೆ. ಇದರಲ್ಲಿ ಇಎಂಟಿ ಸರ್ಟಿಫಿಕೇಟಿಗೆ ಅಂಕವಿಲ್ಲ, ಆದ್ಯತೆಯೂ ಇಲ್ಲ. ಯಾರಾದರೂ "ಪ್ಲಸ್ ಪಾಯಿಂಟ್ ಆಗುತ್ತದೆ" ಎಂದರೆ ನೋಟಿಫಿಕೇಶನ್‌ನ ಯಾವ ಪುಟದಲ್ಲಿದೆ ತೋರಿಸಿ ಎಂದು ಕೇಳಿ.

ಈ ಮಾತು ಎಲ್ಲಿಂದ ಬಂತು ಎನ್ನುವುದೂ ಊಹೆಗೆ ನಿಲುಕದ್ದಲ್ಲ. ಅಮೆರಿಕದ ಪೊಲೀಸ್ ನೇಮಕಾತಿಯ ವಿಡಿಯೊಗಳಲ್ಲಿ ಇಎಂಟಿ ಪದ ಮತ್ತೆ ಮತ್ತೆ ಕೇಳುತ್ತದೆ. ಅಲ್ಲಿ ಅದು ಸುಮಾರು 120ರಿಂದ 200 ಗಂಟೆಗಳ ತರಬೇತಿ, ಆಮೇಲೆ ಪರೀಕ್ಷೆ, ರಾಜ್ಯದ ಲೈಸೆನ್ಸ್. ನೇಮಕಾತಿಯೂ ಊರೂರಿನ ಇಲಾಖೆಯ ಕೈಯಲ್ಲಿರುತ್ತದೆ. ಹಾಗಾಗಿ ಕೆಲವು ಇಲಾಖೆಗಳು ಅಂಥವರನ್ನು ಇಷ್ಟಪಟ್ಟು ತೆಗೆದುಕೊಳ್ಳುತ್ತವೆ. ನಮ್ಮಲ್ಲಿ ಇಡೀ ರಾಜ್ಯಕ್ಕೆ ಒಂದೇ ಪರೀಕ್ಷೆ, ಒಂದೇ ನಿಯಮ. ಅಲ್ಲಿಯ ಸಲಹೆ ಅಲ್ಲಿಗೆ ಸರಿ, ಸಪ್ತಾಪುರಕ್ಕೆ ಅಲ್ಲ.

ಹಾಗಾದರೆ ಇಲ್ಲಿ ಇಎಂಟಿ ಅಂದರೆ ಯಾರು? 2008ರಲ್ಲಿ 108 ಆರೋಗ್ಯ ಕವಚ ಶುರುವಾದಾಗಿನಿಂದ ಈ ಪದ ನಮ್ಮ ಹಳ್ಳಿಗಳಿಗೂ ಗೊತ್ತು. ಆಂಬುಲೆನ್ಸ್ ಓಡಿಸುವವರನ್ನು ಪೈಲಟ್ ಎನ್ನುತ್ತಾರೆ, ಹಿಂದೆ ರೋಗಿಯ ಜೊತೆ ಕೂರುವವರು ಇಎಂಟಿ. ಅವರಲ್ಲಿ ಬಹಳಷ್ಟು ಜನ ನರ್ಸಿಂಗ್ ಓದಿ ಬಂದವರು. ಇದು ಪೂರ್ತಿ ಒಂದು ವೃತ್ತಿ. ಈ ಕೆಲಸದಲ್ಲೇ ಬದುಕು ಕಟ್ಟಿಕೊಳ್ಳಬೇಕು ಎನ್ನುವ ಮನಸ್ಸಿದ್ದರೆ ತಿಂಗಳುಗಟ್ಟಲೆ ಓದುವುದಕ್ಕೆ ಅರ್ಥವಿದೆ. ಬಿ.ಎ. ಮುಗಿಸಿ, ದಿನಕ್ಕೆ ಹತ್ತು ತಾಸು ಪತ್ರಿಕೆ, ಸಂವಿಧಾನ, ಮೆಂಟಲ್ ಎಬಿಲಿಟಿ ಓದುತ್ತಿರುವ ನಿಮಗೆ ಆ ತಿಂಗಳುಗಳು ಪರೀಕ್ಷೆಗೆ ಬೇಕು.

ನಿಮ್ಮ ಮನೆಯಲ್ಲಿ ಪಿಯುಸಿ ಸೈನ್ಸ್ ಓದುತ್ತಿರುವ ತಮ್ಮನೋ ತಂಗಿಯೋ ಇದ್ದು, ಅವರಿಗೂ ಖಾಕಿಯ ಆಸೆ ಇದ್ದರೆ ನನ್ನ ಉತ್ತರ ಬೇರೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಎಮರ್ಜೆನ್ಸಿ ಆಂಡ್ ಟ್ರಾಮಾ ಕೇರ್ ವಿಷಯದ ಬಿಎಸ್ಸಿ ಇದೆ. ಅದು ಪದವಿ, ಪಿಎಸ್‌ಐ ಪರೀಕ್ಷೆಗೆ ಕೇಳುವುದೂ ಪದವಿ. ಪೊಲೀಸ್ ಕೆಲಸ ಸಿಗದಿದ್ದರೂ ಆಸ್ಪತ್ರೆಯಲ್ಲಿ ಕೆಲಸ ಇರುತ್ತದೆ. ಆ ದಾರಿಯನ್ನು ಪಿಯುಸಿ ಮುಗಿದ ಕೂಡಲೇ ಹಿಡಿದರೆ ಒಳ್ಳೆಯದು. ನೀವು ಅದನ್ನು ದಾಟಿ ಬಂದಿದ್ದೀರಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಅಂಕವೇ ಇಲ್ಲದ ತರಬೇತಿಯನ್ನು ಯಾಕೆ ಮಾಡಬೇಕು?

ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸ್ ನಿಮಗೆ ಗೊತ್ತೇ ಇದೆ. 2021ರ ಜನವರಿ 15ರಂದು ಇಟಿಗಟ್ಟಿ ಹತ್ತಿರ ದಾವಣಗೆರೆಯ ಹೆಣ್ಣುಮಕ್ಕಳಿದ್ದ ವಾಹನಕ್ಕೆ ಆದ ಅಪಘಾತವನ್ನು ಈ ಭಾಗದವರು ಮರೆತಿಲ್ಲ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ ನಿಂತ ಲಾರಿಗೆ ಟೆಂಪೊ ಟ್ರಾವೆಲರ್ ಗುದ್ದಿ 13 ಜನ ಹೋದರು. ಇಂಥ ಜಾಗಕ್ಕೆ ವೈದ್ಯರು ಮೊದಲು ಬರುವುದಿಲ್ಲ. ಹೊಲದವರು, ಹಾದಿಯಲ್ಲಿ ಹೋಗುವ ಡ್ರೈವರ್‌ಗಳು, 112ರ ಜೀಪಿನಲ್ಲಿರುವ ಪೊಲೀಸರು ಬರುತ್ತಾರೆ. ಇಂಥ ಎಲ್ಲ ಅಪಘಾತದಲ್ಲೂ ಎಲ್ಲರನ್ನೂ ಉಳಿಸಬಹುದಿತ್ತು ಎಂದು ನಾನು ಹೇಳುತ್ತಿಲ್ಲ. ಉಳಿಯಬಹುದಾದವರು ಉಳಿಯಬೇಕಾದರೆ ಆ ಮೊದಲ ಹತ್ತು ನಿಮಿಷ ಯಾರ ಕೈಯಲ್ಲಿರುತ್ತದೆ ಎನ್ನುವುದು ಮುಖ್ಯ.

ಕೈಕಾಲಿನ ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷಗಳಲ್ಲಿ ಜೀವ ಹೋಗಬಹುದು. ಶುದ್ಧ ಬಟ್ಟೆಯನ್ನು ಗಾಯದ ಮೇಲಿಟ್ಟು ಅಂಗೈಯಿಂದ ಬಲವಾಗಿ ಒತ್ತಿ, ಬಿಡದೆ ಹಿಡಿದುಕೊಳ್ಳುವುದು ಅಲ್ಲಿಯ ಮೊದಲ ಕೆಲಸ. ನಡುನಡುವೆ ಎತ್ತಿ ನೋಡಬಾರದು. ಅದಕ್ಕೂ ನಿಲ್ಲದಿದ್ದರೆ ಟೂರ್ನಿಕೆ (ರಕ್ತ ನಿಲ್ಲಲು ಗಾಯದ ಮೇಲ್ಭಾಗಕ್ಕೆ ಬಿಗಿಯುವ ಪಟ್ಟಿ) ಹಾಕಬೇಕು, ಹಾಕಿದ ಹೊತ್ತನ್ನು ಬರೆದು ಆಸ್ಪತ್ರೆಗೆ ಹೇಳಬೇಕು. ಬೆನ್ನುಮೂಳೆಗೆ ಪೆಟ್ಟಾಗಿರಬಹುದು ಎನ್ನುವವರನ್ನು ಇಬ್ಬರು ಕೈಕಾಲು ಹಿಡಿದೆತ್ತಿ ಟಂಟಂ ಒಳಗೆ ಮಡಚಿ ಕೂರಿಸಿದರೆ ಬದುಕಿದರೂ ಜೀವನವಿಡೀ ಕಾಲಿನ ಬಲ ಹೋಗಬಹುದು. ಇದನ್ನೆಲ್ಲ ಪುಸ್ತಕ ಓದಿ ಕಲಿತೆ ಎಂದರೆ ಆಗುವುದಿಲ್ಲ. ಕೈಗೆ ಅಭ್ಯಾಸವಾಗಬೇಕು.

ಆದರೆ ಪ್ರಥಮ ಚಿಕಿತ್ಸೆ ಕಲಿತ ಪೊಲೀಸರಿಂದ ಅತಿ ಹೆಚ್ಚು ಪ್ರಯೋಜನ ಆಗುವುದು ಹೈವೇ ಮೇಲಲ್ಲ ಎನ್ನುವುದು ನನ್ನ ಅನುಭವ. ಕುಡಿದು ಬಿದ್ದಿದ್ದಾನೆ ಎಂದು ಎಲ್ಲರೂ ತೀರ್ಮಾನ ಮಾಡಿದ ಮನುಷ್ಯನ ಪಕ್ಕದಲ್ಲಿ ಆಗುತ್ತದೆ. ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ತೂರಾಡುತ್ತಾನೆ, ಮಾತು ತೊದಲುತ್ತದೆ, ಕೇಳಿದ್ದಕ್ಕೆ ಸಿಟ್ಟಿಗೇಳುತ್ತಾನೆ, ಬೆವರಿದ್ದಾನೆ. ಸಕ್ಕರೆ ಕಾಯಿಲೆಯವರಿಗೆ ರಕ್ತದಲ್ಲಿ ಸಕ್ಕರೆ ಇಳಿದರೆ ಹೀಗೆಯೇ ಆಗುತ್ತದೆ. ತಲೆಯೊಳಗೆ ರಕ್ತ ಸೋರುತ್ತಿದ್ದರೂ ಹೀಗೆಯೇ. ಬಾಯಲ್ಲಿ ಸಾರಾಯಿ ವಾಸನೆ ಇದ್ದ ಮಾತ್ರಕ್ಕೆ ತಲೆಗೆ ಪೆಟ್ಟಾಗಿಲ್ಲ ಎಂದಲ್ಲ, ಕುಡಿದವರೇ ಹೆಚ್ಚು ಬೀಳುತ್ತಾರೆ. ಅಂಥವನನ್ನು ಠಾಣೆಗೆ ಒಯ್ದು "ಮಲಗಲಿ, ಮುಂಜಾನೆ ಇಳಿಯುತ್ತದೆ" ಎಂದು ಬಿಟ್ಟರೆ ಮುಂಜಾನೆ ಏಳದಿರಬಹುದು. ತರಬೇತಿ ಆದವರು ಹೆಸರು ಕೇಳಿ ನೋಡುತ್ತಾರೆ, ಎರಡೂ ಕಣ್ಣಿನ ಪಾಪೆ ಒಂದೇ ಅಳತೆ ಇದೆಯೇ ಎಂದು ಟಾರ್ಚ್ ಬಿಡುತ್ತಾರೆ, ಜೇಬಿನಲ್ಲಿ ಮಾತ್ರೆ ಚೀಟಿ ಹುಡುಕುತ್ತಾರೆ, ಅನುಮಾನ ಬಂದರೆ ಆಸ್ಪತ್ರೆಗೆ ತರುತ್ತಾರೆ. ಇದು ಬರೀ ದಯೆಯ ಮಾತಲ್ಲ. ಬಂಧನದಲ್ಲಿರುವವರ ಆರೋಗ್ಯ, ಸುರಕ್ಷತೆಗೆ ತಕ್ಕ ಕಾಳಜಿ ವಹಿಸುವುದು ಅವರನ್ನು ವಶದಲ್ಲಿಟ್ಟುಕೊಂಡವರ ಕರ್ತವ್ಯ ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 56ನೇ ಕಲಂ ಹೇಳುತ್ತದೆ. ಪಿಎಸ್‌ಐ ಪರೀಕ್ಷೆಗೆ ಈ ಕಲಂ ಓದುವಾಗ ಆ ಬಸ್ ಸ್ಟ್ಯಾಂಡಿನ ಮನುಷ್ಯನನ್ನು ಕಣ್ಣ ಮುಂದೆ ತಂದುಕೊಳ್ಳಿ.

ನಮ್ಮ ಕಡೆಯ ಇನ್ನೆರಡು ಸಂಗತಿ ಹೇಳಲೇಬೇಕು. ಒಂದು, ಹಾವು. ಗದಗ, ಹಾವೇರಿಯ ಹೊಲಗಳಲ್ಲಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಅಪರೂಪವಲ್ಲ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಗಾಯ ಕೊಯ್ಯಬಾರದು, ಚೀಪಬಾರದು, ಹಗ್ಗ ಬಿಗಿಯಬಾರದು. ಕಡಿಸಿಕೊಂಡವರನ್ನು ನಡೆಸದೆ, ಆ ಕೈಯನ್ನೋ ಕಾಲನ್ನೋ ಅಲುಗಾಡದಂತೆ ಕಟ್ಟಿ, ಹಾವಿನ ವಿಷಕ್ಕೆ ಮದ್ದಿರುವ ಆಸ್ಪತ್ರೆಗೆ ಒಯ್ಯಬೇಕು. ಮಂತ್ರ ಹಾಕಿಸಲು ಹೊರಟ ಮನೆಯವರನ್ನು ಆ ಗಳಿಗೆಯಲ್ಲಿ ತಿರುಗಿಸುವ ಬಲ ಖಾಕಿಗೆ ಇರುತ್ತದೆ, ನಮ್ಮ ಬಿಳಿ ಕೋಟಿಗೆ ಇರುವುದಿಲ್ಲ.

ಎರಡು, ಕ್ರಿಮಿನಾಶಕ. ಬೆಳೆಗೆ ಎಣ್ಣೆ ಹೊಡೆಯುವಾಗ ಮೈಮೇಲೆ ಬಿದ್ದಿರಲಿ, ಹೊಟ್ಟೆ ಸೇರಿರಲಿ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಬೇಡ. ಕೈಗವಸು ಹಾಕಿಕೊಂಡು ತೊಯ್ದ ಬಟ್ಟೆ ತೆಗೆದು, ಮೈ ತೊಳೆದು, ಒಂದು ಮಗ್ಗುಲಿಗೆ ಮಲಗಿಸಿ ತರಬೇಕು. ಡಬ್ಬಿಯನ್ನೂ ತನ್ನಿ. ವೈದ್ಯರಿಗೆ ಯಾವ ವಿಷ ಎಂದು ತಿಳಿಯುತ್ತದೆ, ನಿಮಗೆ ಅದೇ ಸಾಕ್ಷ್ಯವೂ ಆಗುತ್ತದೆ. ಜೀವ ಉಳಿಸುವುದಕ್ಕೂ ತನಿಖೆಗೂ ಜಗಳ ಎಂದು ಹೊಸದಾಗಿ ಸೇರಿದವರು ತಿಳಿಯುತ್ತಾರೆ. ಹಾಗೇನಿಲ್ಲ. ಚಾಕು ಇರಿತದ ಗಾಯಾಳುವಿನ ಅಂಗಿ ಕತ್ತರಿಸುವಾಗ ಇರಿತದ ತೂತು ಬಿಟ್ಟು ಪಕ್ಕದಲ್ಲಿ ಕತ್ತರಿಸಿದರೆ ಎರಡೂ ಆಯಿತು. ಮತ್ತೊಂದು ಮಾತು: ಸತ್ತಿದ್ದಾರೆ ಎಂದು ನಿರ್ಧರಿಸುವುದು ವೈದ್ಯರ ಕೆಲಸ. ಉಸಿರಿಲ್ಲ ಎನಿಸಿದರೂ ಎದೆ ಒತ್ತುತ್ತ ಇರಬೇಕು.

ಕಾನೂನು ಕೂಡ ಈಗ ಗಾಯಾಳುವಿನ ಕಡೆಗಿದೆ. ಮೊದಲು ಚಿಕಿತ್ಸೆ, ಆಮೇಲೆ ಉಳಿದ ವಿಧಿವಿಧಾನ ಎಂದು ಸುಪ್ರೀಂ ಕೋರ್ಟ್ 1989ರ ಪರಮಾನಂದ ಕಟಾರ ಪ್ರಕರಣದಲ್ಲೇ ಹೇಳಿತು. ಗಾಯಾಳುವನ್ನು ತಂದ ದಾರಿಹೋಕರನ್ನು ಸಾಕ್ಷಿ ಹೇಳು ಎಂದು ಒತ್ತಾಯಿಸುವಂತಿಲ್ಲ, ಮೋಟಾರು ವಾಹನ ಕಾಯ್ದೆಯ 134ಎ ಕಲಂ ಅವರಿಗೆ ರಕ್ಷಣೆ ಕೊಡುತ್ತದೆ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದವರಿಗೆ 7 ದಿನಗಳವರೆಗೆ, 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆ ಇದೆ. ಅದಕ್ಕೆ ಪೊಲೀಸರ ದೃಢೀಕರಣ ಬೇಕು. ನೀವು ತಡ ಮಾಡಿದರೆ ಬಡವರ ಮನೆಯವರು ಕ್ಯಾಷುವಲ್ಟಿ ಬಾಗಿಲಲ್ಲಿ ಕಿವಿಯೋಲೆ ಬಿಚ್ಚುತ್ತಾರೆ. ಅದನ್ನು ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಇನ್ನು ಎಲ್ಲಿ ಕಲಿಯಬೇಕು. ಸೇಂಟ್ ಜಾನ್ ಆಂಬುಲೆನ್ಸ್ ಮತ್ತು ರೆಡ್ ಕ್ರಾಸ್ ಎರಡೂ ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟ್ ಕೊಡುತ್ತವೆ. ಕಂಡಕ್ಟರ್ ಲೈಸೆನ್ಸಿಗೆ ಕೇಳುವುದು ಇಂಥದ್ದೇ ಸರ್ಟಿಫಿಕೇಟ್. ಹಾಗಾಗಿ ನಿಮ್ಮ ರೂಮಿನ ಪಕ್ಕದಲ್ಲಿ ವಾಯವ್ಯ ಸಾರಿಗೆಗೆ ಅರ್ಜಿ ಹಾಕಿದ ಗೆಳೆಯರಿದ್ದರೆ ಅವರನ್ನೇ ಕೇಳಿ, ಎಲ್ಲಿ ಮಾಡಿಸಿದರು ಎಂದು ಹೇಳುತ್ತಾರೆ. ಬಿಎಲ್‌ಎಸ್ (ಬೇಸಿಕ್ ಲೈಫ್ ಸಪೋರ್ಟ್, ಹೃದಯ ನಿಂತವರ ಜೀವ ಉಳಿಸುವ ತರಬೇತಿ) ಒಂದು ದಿನದ್ದು, ಆಸ್ಪತ್ರೆಯವರಿಗೆಂದು ಮಾಡಿದ್ದು, ಆದರೂ ಆಸಕ್ತಿ ಇದ್ದವರು ಕಲಿಯಬಹುದು. ಸಾಮಾನ್ಯರಿಗೆಂದೇ ಇಂಡಿಯನ್ ರಿಸಸಿಟೇಶನ್ ಕೌನ್ಸಿಲ್‌ನ ಸಿಒಎಲ್‌ಎಸ್ (ಕಂಪ್ರೆಶನ್ ಓನ್ಲಿ ಲೈಫ್ ಸಪೋರ್ಟ್) ಇದೆ. ಅದರಲ್ಲಿ ಬಾಯಿಗೆ ಬಾಯಿ ಇಟ್ಟು ಊದುವುದಿಲ್ಲ, ಎದೆ ಒತ್ತುವುದಷ್ಟೇ. ನಿಮಿಷಕ್ಕೆ 100ರಿಂದ 120 ಸಲ, ಎದೆಯ ನಡುವೆ, 5ರಿಂದ 6 ಸೆಂಟಿಮೀಟರ್ ಆಳಕ್ಕೆ. ಹುಬ್ಬಳ್ಳಿ, ಧಾರವಾಡ, ಗದಗದ ಮೆಡಿಕಲ್ ಕಾಲೇಜುಗಳಲ್ಲಿ ಸಾರ್ವಜನಿಕರಿಗೆ ಇಂಥ ತರಬೇತಿ ಯಾವಾಗ ಇದೆ ಎಂದು ಅರಿವಳಿಕೆ ವಿಭಾಗದಲ್ಲಿ ವಿಚಾರಿಸಿ.

ಯಾವುದಕ್ಕೇ ಸೇರಿದರೂ ಬೊಂಬೆಯ ಮೇಲೆ ನಿಮ್ಮ ಕೈಯಿಂದಲೇ ಮಾಡಿಸುತ್ತಾರೆಯೇ ಎಂದು ಕೇಳಿ. ಆನ್‌ಲೈನ್ ವಿಡಿಯೊ ತೋರಿಸಿ ಸರ್ಟಿಫಿಕೇಟ್ ಕಳಿಸುವವರ ಹತ್ತಿರ ಹೋಗಬೇಡಿ. "ನೌಕರಿ ಗ್ಯಾರಂಟಿ" ಎನ್ನುವವರ ಹತ್ತಿರ ಅಂತೂ ಬೇಡವೇ ಬೇಡ.

ಪೊಲೀಸ್ ತರಬೇತಿ ಶಾಲೆಯಲ್ಲಿ ಹೇಗೂ ಪ್ರಥಮ ಚಿಕಿತ್ಸೆ ಹೇಳಿಕೊಡುತ್ತಾರಲ್ಲ ಎಂದು ನೀವು ಕೇಳಬಹುದು. ಹೇಳಿಕೊಡುತ್ತಾರೆ. ಆದರೆ ನೀವು ಅಲ್ಲಿಗೆ ಹೋಗುವುದಕ್ಕೆ ಮೊದಲೇ ಇದರ ಅವಶ್ಯಕತೆ ಬೀಳಬಹುದು. ದಿನಾ ನಸುಕಿನಲ್ಲಿ ಕೆಸಿಡಿ (ಕರ್ನಾಟಕ ಕಾಲೇಜು) ಮೈದಾನದಲ್ಲಿ ನೀವೆಲ್ಲ ಓಡುತ್ತೀರಿ, ಕೆಲವರು ರಾತ್ರಿ ನಿದ್ದೆಗೆಟ್ಟು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ. 2024ರಲ್ಲಿ ಜಾರ್ಖಂಡ್‌ನ ಅಬಕಾರಿ ಕಾನ್‌ಸ್ಟೇಬಲ್ ನೇಮಕಾತಿಯ ಓಟದಲ್ಲಿ ನಿಮ್ಮ ವಯಸ್ಸಿನ ಹಲವರು ಕುಸಿದು ಪ್ರಾಣ ಬಿಟ್ಟರು. ನಿಮ್ಮ ಜೊತೆ ಓಡುವವನು ಒಂದು ದಿನ ಬಿದ್ದು, ಕರೆದರೆ ಓಗೊಡದೆ, ಉಸಿರಾಡದೆ ಇದ್ದರೆ ಒಬ್ಬರು 108ಕ್ಕೆ ಫೋನ್ ಮಾಡಬೇಕು, ಇನ್ನೊಬ್ಬರು ಅದೇ ಕ್ಷಣ ಎದೆ ಒತ್ತಲು ಶುರು ಮಾಡಬೇಕು, ದಣಿದರೆ ಮೂರನೆಯವರು ಮುಂದುವರಿಸಬೇಕು. ಮೂವರಿಗೂ ಗೊತ್ತಿರಬೇಕು ಎಂದಾಯಿತು. ಆದ್ದರಿಂದ ಒಬ್ಬರೇ ಹೋಗಬೇಡಿ, ರೂಮಿನವರು, ಗ್ರೌಂಡಿನವರು ಒಂದು ಬ್ಯಾಚ್ ಕಟ್ಟಿಕೊಂಡು ಹೋಗಿ. ಗುಂಪಾಗಿ ಕೇಳಿದರೆ ತರಬೇತಿ ಕೊಡುವವರು ನೀವಿದ್ದಲ್ಲಿಗೇ ಬರಲೂ ಒಪ್ಪಬಹುದು.

ಬಿಎಲ್‌ಎಸ್ ಕಾರ್ಡಿಗೆ ಎರಡು ವರ್ಷ, ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟಿಗೆ ಸಾಮಾನ್ಯವಾಗಿ ಮೂರು ವರ್ಷ ಅವಧಿ. ಅಷ್ಟರಲ್ಲಿ ನಿಮಗೆ ಠಾಣೆ ಸಿಕ್ಕಿದ್ದರೆ, ಮುಂದಿನ ಸಲ ನಿಮ್ಮ ಜೀಪಿನ ಡ್ರೈವರ್‌ನನ್ನೂ ಕರೆದುಕೊಂಡು ಹೋಗಿ ಮಾಡಿಸಿ.