ಎಂಜಿನ್ ಸೂಪರ್, ಸ್ವಲ್ಪ ತುಕ್ಕು ಅಷ್ಟೇ: ಇಂಥ ಹಳೇ ಎಂಜಿಬಿ ತಗೊಳ್ಳಬಹುದಾ?

ಪ್ರಶ್ನೆ: ಕೆಲಸದ ಮೇಲೆ ಇಂಗ್ಲೆಂಡಿಗೆ ಬಂದು ಇಲ್ಲೇ ನೆಲೆಸಿದ್ದೇನೆ. ಹಳೇ ಸ್ಪೋರ್ಟ್ಸ್ ಕಾರೊಂದನ್ನು ಕೈಯಾರೆ ಸರಿ ಮಾಡಿಕೊಂಡು ಓಡಿಸಬೇಕು ಅಂತ ಬಹಳ ದಿನದ ಆಸೆ. 1972ರ ಎಂಜಿಬಿ ರೋಡ್‌ಸ್ಟರ್ (ಬ್ರಿಟನ್ನಿನ ಎಂಜಿ ಕಂಪನಿಯ ಛಾವಣಿಯಿಲ್ಲದ ಸ್ಪೋರ್ಟ್ಸ್ ಕಾರು) ಒಂದು ಮಾರಾಟಕ್ಕಿದೆ, ಬೆಲೆ ಕಮ್ಮಿ. ಎಂಜಿನ್ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿದ್ದಾರಂತೆ. ಕೆಳಗಡೆ ಸ್ವಲ್ಪ ತುಕ್ಕಿದೆ ಅಷ್ಟೇ ಅಂತಾರೆ. ತಗೊಳ್ಳಬಹುದಾ?

ಉತ್ತರ: ಕಾರಿನ ಹೆಸರು ಬದಲಾಗುತ್ತದೆ, ಆದರೆ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ನೇರವಾಗಿ ಹೇಳಿಬಿಡುತ್ತೇನೆ. ಎಂಜಿನ್ ನೋಡಿ ಹಳೇ ಕಾರು ತಗೋಬೇಡಿ, ಬಾಡಿ ನೋಡಿ ತಗೊಳ್ಳಿ. "ಬಾಡಿ ಗಟ್ಟಿಯಾಗಿದೆ, ಎಂಜಿನ್ ಹೊಗೆ ಬಿಡುತ್ತೆ" ಅನ್ನುವ ಜಾಹೀರಾತು ಕಂಡರೆ ಅವತ್ತೇ ಹೋಗಿ ನೋಡಿ. ನಿಮಗೆ ಸಿಕ್ಕಿರುವುದು ಅದರ ಉಲ್ಟಾ. ಹಾಗಂತ ಸುಮ್ನೆ ಬಿಟ್ಟುಬಿಡಿ ಅಂತಲ್ಲ. ಆ "ಸ್ವಲ್ಪ" ಅಂದರೆ ಎಷ್ಟು ಅಂತ ಮೊದಲು ತಿಳಿದುಕೊಳ್ಳಬೇಕು.

ಎಂಜಿನ್ ಬಗ್ಗೆ ಇಷ್ಟು ಧೈರ್ಯವಾಗಿ ಹೇಳೋದಕ್ಕೆ ಕಾರಣ ಇದೆ. ಎಂಜಿಬಿಯಲ್ಲಿರುವುದು ಬಿ-ಸೀರೀಸ್ ಎಂಜಿನ್, 1798 ಸಿಸಿ, ನಾಲ್ಕು ಸಿಲಿಂಡರ್. ನಮ್ಮ ಅಂಬಾಸಿಡರ್‌ನಲ್ಲಿ ವರ್ಷಗಟ್ಟಲೆ ಓಡಿದ 1489 ಸಿಸಿ ಪೆಟ್ರೋಲ್ ಎಂಜಿನ್ ಇದೇ ಮನೆತನದ್ದು. ಅಂಬಾಸಿಡರ್ ಟ್ಯಾಕ್ಸಿ ರಿಪೇರಿ ಮಾಡಿ ಪಳಗಿದ ಬೆಂಗಳೂರಿನ ಹಳೇ ಮೆಕ್ಯಾನಿಕ್ ಒಬ್ಬರನ್ನು ಎಂಜಿಬಿ ಬಾನೆಟ್ ಎತ್ತಿ ಮುಂದೆ ನಿಲ್ಲಿಸಿದರೆ ಅವರು ತಬ್ಬಿಬ್ಬಾಗುವುದಿಲ್ಲ. ಕಬ್ಬಿಣದ ಬ್ಲಾಕ್, ಕಬ್ಬಿಣದ ಹೆಡ್, ವಾಲ್ವ್ ತೆರೆಯಲು ಪುಷ್‌ರಾಡ್ ಅನ್ನುವ ಕಡ್ಡಿಗಳು, ಅಷ್ಟೇ. ಬಾಡಿಗೆಗೆ ಒಂದು ಹಾಯ್ಸ್ಟ್ ತಂದರೆ ಇಬ್ಬರು ಸೇರಿ ಮನೆ ಮುಂದೆಯೇ ಎಂಜಿನ್ ಎತ್ತಿಬಿಡಬಹುದು. ಗ್ಯಾಸ್ಕೆಟ್‌ನಿಂದ ಕ್ರ್ಯಾಂಕ್ ಬೇರಿಂಗ್‌ವರೆಗೆ ಎಲ್ಲವೂ ಇವತ್ತಿಗೂ ಹೊಸದಾಗಿ ಸಿಗುತ್ತವೆ. 1962ರಿಂದ 1980ರವರೆಗೆ ಆಬಿಂಗ್ಡನ್ ಕಾರ್ಖಾನೆಯಿಂದ 5 ಲಕ್ಷಕ್ಕೂ ಹೆಚ್ಚು ಕಾರು ಹೊರಬಂದಿವೆ. ಅಷ್ಟು ಕಾರು ಇದ್ದಮೇಲೆ ಬಿಡಿಭಾಗದ ವ್ಯಾಪಾರ ನಡೆಯದೇ ಇರುತ್ತದಾ?

ಇನ್ನು ಬಾಡಿ. ಇದಕ್ಕಿಂತ ಹಿಂದಿನ ಎಂಜಿಎ ಕಾರಿಗೆ ಬಾಡಿಯಿಂದ ಪ್ರತ್ಯೇಕವಾದ ಷಾಸಿ, ಅಂದರೆ ಭಾರ ಹೊರುವ ಅಡಿಚೌಕಟ್ಟು ಇತ್ತು. ಎಂಜಿಬಿಗೆ ಅದಿಲ್ಲ. ತಗಡನ್ನು ಮಡಿಚಿ, ಬೆಸೆದು ಮಾಡಿದ ಬಾಡಿಯೇ ಕಾರಿನ ಅಷ್ಟೂ ಭಾರ ಹೊರಬೇಕು. ರೋಡ್‌ಸ್ಟರ್‌ಗೆ ಮೇಲೆ ಛಾವಣಿಯೂ ಇಲ್ಲ. ಮುಚ್ಚಳ ತೆಗೆದ ರಟ್ಟಿನ ಡಬ್ಬ ಕೈಯಲ್ಲಿ ಹಿಡಿದರೆ ಹೇಗೆ ತಿರುಚಿಕೊಳ್ಳುತ್ತದೆ ನೋಡಿ, ಅದೇ ಕಥೆ. ಹಾಗಾಗಿ ಬಿಗಿಯೆಲ್ಲ ಎರಡು ಸಿಲ್‌ಗಳ ಮೇಲೆ ನಿಂತಿದೆ. ಸಿಲ್ ಅಂದರೆ ಬಾಗಿಲ ಕೆಳಗೆ ಮುಂದಿನಿಂದ ಹಿಂದಕ್ಕೆ ಹೋಗುವ ಟೊಳ್ಳು ಪಟ್ಟಿ. ಹೊರಗಿನ ತಗಡು, ಒಳಗಿನ ತಗಡು, ಅಡಿಯಲ್ಲಿ ಕ್ಯಾಸಲ್ ರೈಲ್ ಅನ್ನುವ ಮಡಿಕೆ ಪಟ್ಟಿ, ಮೂರೂ ಸೇರಿ ಆ ಬಲ. ಚಕ್ರ ಎರಚುವ ಕೆಸರು, ಇಂಗ್ಲೆಂಡಿನ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಎಲ್ಲ ಹೋಗಿ ಕೂರುವುದು ಅಲ್ಲೇ. ಒಳಗಿನಿಂದ ತಿನ್ನುತ್ತಾ ಬಂದು, ಹೊರಗೆ ಬಣ್ಣ ಉಬ್ಬುವ ಹೊತ್ತಿಗೆ ಒಳಗೆ ಏನೂ ಉಳಿದಿರುವುದಿಲ್ಲ.

ನೋಡಲು ಹೋದಾಗ ಬಾನೆಟ್ ಎತ್ತಬೇಡಿ. ಮಾರುವವರು ಮೊದಲು ಅದನ್ನೇ ಎತ್ತುತ್ತಾರೆ, ಎತ್ತಲಿ ಬಿಡಿ. ನೀವು ಕಾರಿನಿಂದ ನಾಲ್ಕು ಹೆಜ್ಜೆ ದೂರ ನಿಂತು ಬಾಗಿಲ ಹಿಂದಿನ ಸಂದು ನೋಡಿ. ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲ ಇರಬೇಕು. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಕಾರು ನಡುವೆ ಕುಸಿದಿದೆ ಅಂತ ಅರ್ಥ. ಆಮೇಲೆ ಮಾಲೀಕರನ್ನು ಕೇಳಿ ಜ್ಯಾಕ್ ಕೊಟ್ಟು ಒಂದು ಬದಿ ಎತ್ತಿ, ಬಾಗಿಲು ಒಮ್ಮೆ ತೆರೆದು ಮುಚ್ಚಿ ನೋಡಿ. ನೆಲದ ಮೇಲಿದ್ದಾಗ ಸಲೀಸಾಗಿ ಹಾಕಿಕೊಳ್ಳುತ್ತಿದ್ದ ಬಾಗಿಲು ಈಗ ಬಿಗಿಯಾಯಿತಾ? ಹಾಗಾದರೆ ಸಿಲ್‌ನಲ್ಲಿ ದಮ್ಮಿಲ್ಲ. ಜ್ಯಾಕ್ ಕೊಡೋದಕ್ಕೇ ಮಾಲೀಕರು ಹಿಂದೆಮುಂದೆ ನೋಡಿದರೆ ಉತ್ತರ ಅಲ್ಲೇ ಸಿಕ್ಕಿತು.

ಜೇಬಲ್ಲಿ ಒಂದು ಫ್ರಿಜ್ ಮ್ಯಾಗ್ನೆಟ್ ಇರಲಿ. ಬಣ್ಣಕ್ಕೆ ಗೀರು ಬೀಳದ ಹಾಗೆ ತೆಳು ಬಟ್ಟೆಯಲ್ಲಿ ಸುತ್ತಿ ಸಿಲ್ ಉದ್ದಕ್ಕೂ, ಚಕ್ರದ ಕಮಾನಿನ ಸುತ್ತ ಇಟ್ಟು ನೋಡಿ. ಎಲ್ಲಿ ಅಂಟುವುದಿಲ್ಲವೋ ಅಲ್ಲಿ ಪುಟ್ಟಿ ಮೆತ್ತಿದ್ದಾರೆ. ಇನ್ನೊಂದು ಮೋಸ ಇದೆ: ಕೊಳೆತ ಸಿಲ್ ಮೇಲೆಯೇ ಹೊಸ ತಗಡು ಹೊದಿಸಿ ಬೆಸೆದುಬಿಡುವುದು. ಹೊಳಪೇನೋ ಚೆನ್ನಾಗಿರುತ್ತದೆ, ಬಲ ಸೊನ್ನೆ. ಸಿಲ್‌ನ ಎರಡು ತುದಿಗಳು ಮುಂದಿನ ಮತ್ತು ಹಿಂದಿನ ಮಡ್‌ಗಾರ್ಡ್‌ಗಳ ಒಳಕ್ಕೆ ಹೋಗಿರುತ್ತವೆ. ಸರಿಯಾಗಿ ಬದಲಾಯಿಸಬೇಕಾದರೆ ಮುಂದಿನ ಮಡ್‌ಗಾರ್ಡ್ ಬಿಚ್ಚಬೇಕು, ಹಿಂದಿನದರ ಕೆಳಭಾಗ ಕತ್ತರಿಸಬೇಕು. ಹಾಗಾಗಿ "ಸಿಲ್ ಹೊಸದು ಸಾರ್" ಅಂದರೆ ಕೆಲಸ ನಡೆಯುವಾಗ ತೆಗೆದ ಫೋಟೋ ಕೇಳಿ. ನೀಟಾಗಿ ಮಾಡಿಸಿದವರು ಫೋಟೋ ತೆಗೆದೇ ಇರುತ್ತಾರೆ, ತೋರಿಸಲು ಕಾಯುತ್ತಲೂ ಇರುತ್ತಾರೆ.

ಅಲ್ಲಿಗೆ ಬಂದಮೇಲೆ ಸೀಟಿನ ಹಿಂದಿನ ಮುಚ್ಚಳವನ್ನೂ ತೆಗೆಯಿರಿ. 1972ರ ಕಾರಿಗೆ 12 ವೋಲ್ಟಿನ ಒಂದು ಬ್ಯಾಟರಿ ಅಲ್ಲ, 6 ವೋಲ್ಟಿನ ಎರಡು. ಆ ಬ್ಯಾಟರಿ ಪೆಟ್ಟಿಗೆಗಳ ತಳ ತೂತಾಗಿರುವುದು ಮಾಮೂಲು. ಅದೊಂದೇ ಆದರೆ ಚಿಂತೆ ಬೇಡ. ಬಾಗಿಲಿನ ಚಿಕ್ಕ ತ್ರಿಕೋನ ಕಿಟಕಿಯ ಬುಡದಲ್ಲಿ ಸಣ್ಣ ಬಿರುಕು ಕಂಡರೂ ಹೆದರಬೇಡಿ, ಅದು ಈ ಕಾರಿನ ಹುಟ್ಟುಗುಣ.

ಕಾರು ನೋಡಲು ಹೋಗುವ ಮುಂಚೆಯೇ ಒಂದು ಕೆಲಸ ಮಾಡಬಹುದು. ಕಾರಿನ ನಂಬರ್ ಹಾಕಿದರೆ 2005ರಿಂದ ಈಚೆಗಿನ ಎಂಒಟಿ (ಕಾರು ರಸ್ತೆಗೆ ಯೋಗ್ಯವಾ ಅಂತ ಬ್ರಿಟನ್ನಿನಲ್ಲಿ ವರ್ಷಕ್ಕೊಮ್ಮೆ ನೋಡುವ) ತಪಾಸಣೆಯ ಇತಿಹಾಸ ಸರ್ಕಾರದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಸಿಲ್ ತುಕ್ಕು ಅಂತ ಹಿಂದೆ ಯಾರಾದರೂ ಬರೆದಿದ್ದಾರಾ ನೋಡಿ. 2018ರ ಮೇ ತಿಂಗಳಿಂದ 40 ವರ್ಷ ದಾಟಿದ, ದೊಡ್ಡ ಬದಲಾವಣೆ ಮಾಡದ ಕಾರುಗಳಿಗೆ ಈ ತಪಾಸಣೆ ಕಡ್ಡಾಯವಲ್ಲ. ಮಾಲೀಕರಿಗೆ ಅನುಕೂಲವೇ, ಆದರೆ ಕೊಳ್ಳುವವರಿಗೆ ಅಲ್ಲ: ಎಷ್ಟೋ ಕಾರುಗಳ ಅಡಿಭಾಗವನ್ನು ವರ್ಷಗಳಿಂದ ಯಾರೂ ಬಗ್ಗಿ ನೋಡಿರುವುದಿಲ್ಲ. ಕಡ್ಡಾಯ ಇಲ್ಲದಿದ್ದರೂ ದುಡ್ಡು ಕೊಟ್ಟು ಮಾಡಿಸಬಹುದು. ಮುಂಗಡ ಕೊಡುವ ಮುಂಚೆ ಮಾಡಿಸಿ.

ಸರಿ, ಸಿಲ್ ಕೊಳೆತಿದೆ, ಆದರೂ ಆಸೆ ಬಿಡುತ್ತಿಲ್ಲ ಅಂದುಕೊಳ್ಳಿ. ವೆಲ್ಡಿಂಗ್ ಬರದಿದ್ದರೆ ಇದನ್ನು ಕಲಿಕೆಯ ಮೊದಲ ಪಾಠ ಮಾಡಿಕೊಳ್ಳಬೇಡಿ, ಬಲ್ಲವರಿಗೆ ಕೊಡಿ. ಕತ್ತರಿಸುವ ಮುಂಚೆ ಬಾಡಿ ಕುಸಿಯದ ಹಾಗೆ ಬಾಗಿಲ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಪೈಪ್ ಬಿಗಿಯುತ್ತಾರಾ ಕೇಳಿ. ಒಂದು ಬದಿ ಪೂರ್ತಿ ಮುಗಿದ ಮೇಲೇ ಇನ್ನೊಂದು ಬದಿ ಮುಟ್ಟಬೇಕು. ಪೂರ್ತಿ ಬೆಸೆಯುವ ಮುಂಚೆ ಅಲ್ಲಲ್ಲಿ ಚುಕ್ಕೆ ವೆಲ್ಡಿಂಗ್ ಮಾತ್ರ ಹಾಕಿ, ಬಾಗಿಲು ಕೂರಿಸಿ ಸಂದು ನೋಡಬೇಕು. ಇದನ್ನು ಮಾಡದೆ ಬೆಸೆದರೆ ಸೊಟ್ಟಗಾದ ಕಾರು ಸೊಟ್ಟಗೇ ಗಟ್ಟಿಯಾಗುತ್ತದೆ, ಆಮೇಲೆ ಯಾವ ಟಿಂಕರಿಂಗ್‌ಗೂ ಬಗ್ಗುವುದಿಲ್ಲ. ಈ ಕೂಲಿಯೇ ಎಷ್ಟೋ ಸಲ ಕಾರಿನ ಬೆಲೆ ದಾಟುತ್ತದೆ. ಬಾಡಿ ಪೂರ್ತಿ ಹೋಗಿದ್ದರೂ ದಾರಿ ಇದೆ. ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ ಹಳೇ ಅಚ್ಚುಗಳನ್ನೇ ಬಳಸಿ 1988ರಿಂದ ಎಂಜಿಬಿಯ ಹೊಸ ಬಾಡಿ ಮಾಡಲು ಶುರು ಮಾಡಿತು. ಆದರೆ ಆ ಬೆಲೆಗೆ, ಬಣ್ಣ ಮತ್ತು ಜೋಡಣೆ ಖರ್ಚು ಸೇರಿಸಿದರೆ, ಚೆನ್ನಾಗಿರುವ ಕಾರೇ ಬರುತ್ತದೆ. ಲೆಕ್ಕ ನೋಡಿದರೆ ನನಗೆ ಅದೇ ಜಾಣತನ ಅನ್ನಿಸುತ್ತದೆ.

ಬಾಡಿ ಗಟ್ಟಿ ಇದ್ದರೆ ಮಿಕ್ಕದ್ದೆಲ್ಲ ಖುಷಿಯ ಕೆಲಸ. ಮೊದಲು ಇಂಚಿನ ಸ್ಪ್ಯಾನರ್ ಸೆಟ್ ತಗೊಳ್ಳಿ. ಈ ಕಾರಿನ ಬೋಲ್ಟುಗಳು ಮಿಲಿಮೀಟರ್ ಲೆಕ್ಕದವಲ್ಲ. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. 13ರ ಸ್ಪ್ಯಾನರ್ ಕೂತ ಹಾಗೇ ಕಾಣುತ್ತದೆ, ಬಲ ಹಾಕಿದ ಕೂಡಲೇ ಜಾರಿ ಬೋಲ್ಟಿನ ಮೂಲೆ ಸವೆಸಿಬಿಡುತ್ತದೆ.

ವೈರಿಂಗ್ ಕಂಡರೆ ಜನ ಹೆದರುತ್ತಾರೆ, ಸುಮ್ನೆ. ಇದರ ಎಲೆಕ್ಟ್ರಿಕಲ್ ಭಾಗಗಳು ಲ್ಯೂಕಾಸ್ ಕಂಪನಿಯವು, ಆ ವೈರಿಗೆ ಬಣ್ಣದ ಕ್ರಮ ಇದೆ. ಕಂದು ವೈರಿನಲ್ಲಿ ಸದಾ ಕರೆಂಟ್. ಬಿಳಿಯಲ್ಲಿ ಕೀ ತಿರುಗಿಸಿದರೆ ಮಾತ್ರ. ಹಸಿರು ಅಂದರೆ ಕೀ ತಿರುಗಿಸಿದಾಗ ಫ್ಯೂಸ್ ದಾಟಿ ಬಂದದ್ದು. ಕಪ್ಪು ಅರ್ತ್. ಇಷ್ಟು ನೆನಪಿದ್ದು, ಕೈಯಲ್ಲೊಂದು ಟೆಸ್ಟ್ ಲ್ಯಾಂಪ್ ಇದ್ದರೆ ಮುಕ್ಕಾಲು ಪಾಲು ತೊಂದರೆ ನೀವೇ ಹಿಡಿಯಬಹುದು. ಬಹಳ ಸಲ ತಪ್ಪು ಇರುವುದು ಹಸಿರುಗಟ್ಟಿದ ಕನೆಕ್ಟರ್‌ನಲ್ಲೋ ತುಕ್ಕು ಹಿಡಿದ ಅರ್ತ್ ಬೋಲ್ಟ್‌ನಲ್ಲೋ.

ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಎಸ್‌ಯು ಕಂಪನಿಯ ಕಾರ್ಬುರೇಟರ್ ಜೋಡಿ ಇನ್ನೂ ಮಜಾ. ಎರಡರಲ್ಲೂ ಗಾಳಿ ಒಂದೇ ಸಮ ಹೋಗುತ್ತಿದೆಯಾ ಅಂತ ರಬ್ಬರ್ ಪೈಪಿನ ಒಂದು ತುದಿ ಕಿವಿಗಿಟ್ಟು, ಇನ್ನೊಂದನ್ನು ಕಾರ್ಬುರೇಟರ್ ಬಾಯಿಗೆ ಹಿಡಿದು ಕೇಳುವುದು. ಎರಡರ ಸದ್ದೂ ಒಂದೇ ಆಗುವ ತನಕ ತಿರುಪು ತಿರುಗಿಸಿ. ಆಮೇಲೆ ಎಂಜಿನ್ ಬಿಸಿಯಾಗಿ ಓಡುತ್ತಿರುವಾಗ ಒಂದು ಕಾರ್ಬುರೇಟರ್ ಒಳಗಿನ ಪಿಸ್ಟನ್ನನ್ನು (ಎಂಜಿನ್ನಿನದಲ್ಲ) ಮಿಲಿಮೀಟರಿಗಿಂತ ಕಮ್ಮಿ ಎತ್ತಿ. ಎಂಜಿನ್ ವೇಗ ಏರಿ ಅಲ್ಲೇ ನಿಂತರೆ ಪೆಟ್ರೋಲ್ ಜಾಸ್ತಿ. ಕುಸಿದು ಆರುವ ಹಾಗಾದರೆ ಕಮ್ಮಿ. ಕ್ಷಣ ಏರಿ ಮತ್ತೆ ಮೊದಲಿನಂತಾದರೆ ಸರಿ. ಕಾರ್ಬುರೇಟರ್ ಮೇಲಿನ ಹಿತ್ತಾಳೆ ಅಥವಾ ಪ್ಲಾಸ್ಟಿಕ್ ಬಿರಡೆ ಬಿಚ್ಚಿ ಒಳಗಿನ ಎಣ್ಣೆ ಇದೆಯಾ ಅಂತಲೂ ಆಗಾಗ ನೋಡಿ. ಅದು ಇಲ್ಲದಿದ್ದರೆ ಆಕ್ಸಿಲರೇಟರ್ ಒತ್ತಿದಾಗ ಕಾರು ತೊದಲುತ್ತದೆ, ನೀವು ಪ್ಲಗ್ಗು, ಪಾಯಿಂಟ್ಸು ಅಂತ ದಿನವಿಡೀ ಹುಡುಕುತ್ತೀರಿ.

"ಹೊಸದಾಗಿ ಕಟ್ಟಿದ" ಎಂಜಿನ್‌ಗೂ ರಸೀದಿ ಕೇಳಿ. ಸೀಸವಿಲ್ಲದ ಪೆಟ್ರೋಲಿಗೆ ಹೊಂದುವ ಗಟ್ಟಿ ವಾಲ್ವ್ ಸೀಟ್ (ವಾಲ್ವ್ ಮುಚ್ಚಿದಾಗ ಕೂರುವ ಬಳೆ) ಹಾಕಿದ್ದಾರಾ ವಿಚಾರಿಸಿ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಓಡುವಾಗ ಮೀಟರಿನಲ್ಲಿ ಆಯಿಲ್ ಪ್ರೆಷರ್ 50 ಪಿಎಸ್‌ಐಗಿಂತ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಅಳತೆ) ಮೇಲಿರಬೇಕು. 2021ರಿಂದ ಬ್ರಿಟನ್ನಿನ ಮಾಮೂಲಿ ಪೆಟ್ರೋಲಿನಲ್ಲಿ ಶೇ. 10ರವರೆಗೆ ಎಥನಾಲ್ ಇರುತ್ತದೆ, ಹಳೇ ರಬ್ಬರ್ ಪೈಪಿಗೆ ಅದು ಆಗಿಬರುವುದಿಲ್ಲ. ಪೈಪುಗಳನ್ನು ಎಥನಾಲ್ ತಡೆಯುವಂಥವಕ್ಕೆ ಬದಲಾಯಿಸಿ.

ನಂತರದ ಆರೈಕೆಯಲ್ಲಿ ಕಷ್ಟ ಏನಿಲ್ಲ, ಮರೆಯಬಾರದು ಅಷ್ಟೇ. ಮುಂದಿನ ಸಸ್ಪೆನ್ಷನ್ನಿನಲ್ಲಿ ಬದಿಗೆ ಮೂರರಂತೆ ಆರು ಗ್ರೀಸ್ ನಿಪ್ಪಲ್ (ಗ್ರೀಸ್ ತುಂಬುವ ಚಿಕ್ಕ ಬಾಯಿ) ಇವೆ, 3,000 ಮೈಲಿಗೊಮ್ಮೆ ಗ್ರೀಸ್ ಗನ್ ಹಿಡಿಯಿರಿ. ಎಂಜಿನ್‌ಗೆ 20ಡಬ್ಲ್ಯೂ-50 ಅನ್ನುವ ದಪ್ಪ ಎಣ್ಣೆ, ಈಗಿನ ನೀರಿನಂಥ ತೆಳು ಎಣ್ಣೆ ಬೇಡ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್. ಸಿಲ್ ಒಳಕ್ಕೆ ಮೇಣದಂಥ ತುಕ್ಕು ತಡೆ ಸ್ಪ್ರೇ ಹೊಡೆಯಿರಿ. ಅಡಿಯಲ್ಲಿ ನೀರು ಹೋಗಲು ಇಟ್ಟ ತೂತುಗಳನ್ನು ಮಾತ್ರ ಮುಚ್ಚಬೇಡಿ.

ಊರಲ್ಲಿರುವವರು ಕೂಡ ಇದೇ ಕೇಳುತ್ತಾರೆ, ಅಂಬಾಸಿಡರ್ ಅಥವಾ ಪದ್ಮಿನಿ ಬಗ್ಗೆ. ಅವೂ ಷಾಸಿ ಇಲ್ಲದ ಕಾರುಗಳೇ, ಉತ್ತರವೂ ಅದೇ. ಮಂಗಳೂರು, ಕಾರವಾರದ ಕಡೆಯ ಕಾರಾದರೆ ಉಪ್ಪುಗಾಳಿಯ ನೆನಪಿಟ್ಟುಕೊಂಡು ಎರಡು ಸಲ ಬಗ್ಗಿ ನೋಡಿ. 50 ವರ್ಷ ದಾಟಿದ ವಾಹನಕ್ಕೆ 2021ರ ಕೇಂದ್ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿ ಸಿಗುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ. ಆದರೆ ಅದರ ಮೇಲೆ ದಿನಾ ಆಫೀಸಿಗೆ ಓಡಿಸುವ ಹಾಗಿಲ್ಲ.

ಕೊನೆಗೆ ಇನ್ಶೂರೆನ್ಸ್. ಇಂಗ್ಲೆಂಡಿನಲ್ಲಿ ಹಳೇ ಕಾರಿಗೆ ಬೆಲೆಯನ್ನು ಮೊದಲೇ ಒಪ್ಪಿ ಬರೆದುಕೊಳ್ಳುವ ಪಾಲಿಸಿ ಸಿಗುತ್ತದೆ, ಅದನ್ನೇ ಕೇಳಿ. ವರ್ಷಕ್ಕೆ ಇಷ್ಟೇ ಮೈಲಿ ಅಂತ ಮಿತಿ ಹಾಕಿಕೊಂಡರೆ ಕಂತೂ ಕಮ್ಮಿ. ಬೆಲೆ ಒಪ್ಪಿಸಲು ಅವರು ಫೋಟೋ, ರಸೀದಿ ಕೇಳುತ್ತಾರೆ. ಆದ್ದರಿಂದ ಒಂದು ಬೋಲ್ಟ್ ಬಿಚ್ಚುವ ಮುಂಚೆಯೇ ಫೋಟೋ ತೆಗೆಯಲು ಶುರು ಮಾಡಿ. ಮತ್ತೆ ಜೋಡಿಸುವಾಗ ಯಾವ ವೈರ್ ಎಲ್ಲಿತ್ತು ಅಂತ ನೋಡಲೂ ಅವೇ ಬೇಕಾಗುತ್ತವೆ.