ಬಹುಮಾನದ ಹಣ ಎಲ್ಲಿಂದ ಬರಬೇಕು?

ಸುಗ್ಗಿ ಮುಗಿದು ಜಾತ್ರೆಗಳು ಶುರುವಾದರೆ ತುಮಕೂರು ಜಿಲ್ಲೆಯ ಹೋಟೆಲು, ಬಸ್ ನಿಲ್ದಾಣಗಳ ಗೋಡೆಗಳಲ್ಲಿ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಪಂದ್ಯಾವಳಿಗಳ ಕರಪತ್ರಗಳು ಕಾಣಿಸುತ್ತವೆ. ಪ್ರಥಮ ಬಹುಮಾನದ ಮೊತ್ತ ದಪ್ಪ ಅಕ್ಷರದಲ್ಲಿರುತ್ತದೆ, ಪಕ್ಕದಲ್ಲಿ ಅದನ್ನು ಕೊಡುವವರ ಹೆಸರು, ಭಾವಚಿತ್ರ. ಕೆಳಗೆ ಸಣ್ಣ ಅಕ್ಷರದಲ್ಲಿ ಪ್ರತಿ ತಂಡಕ್ಕೆ ಪ್ರವೇಶ ಶುಲ್ಕ ಇಷ್ಟು ಎಂದಿರುತ್ತದೆ. ಆ ಶುಲ್ಕ ದೀಪ, ಅಂಕಣ, ತೀರ್ಪುಗಾರರ ಖರ್ಚಿಗೆ ಹೋಯಿತೋ ಬಹುಮಾನಕ್ಕೇ ಸೇರಿತೋ ಎಂಬುದನ್ನು ಕರಪತ್ರ ಹೇಳುವುದಿಲ್ಲ. ಸೋತು ಮನೆಗೆ ಹೋಗುವ ತಂಡಕ್ಕೆ ಅದು ಗೊತ್ತಿರಲೇಬೇಕು ಎಂಬುದು ನನ್ನ ವಾದ. ಯಾಕೆಂದರೆ ಆಟಗಾರರ ಹಣದಿಂದಲೇ ಬಹುಮಾನ ಕಟ್ಟುವ ಪದ್ಧತಿಯ ಸುತ್ತ ದೊಡ್ಡ ಜಗಳವೇ ನಡೆದಿದೆ, ಅದರ ಒಂದು ಎಳೆ ನಮ್ಮ ಪಕ್ಕದ ಬೆಂಗಳೂರಿನಲ್ಲೇ ಇದೆ.

ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆ ಶುಲ್ಕ ಪಡೆದು ಪದಬಂಧ ಸ್ಪರ್ಧೆ ನಡೆಸುತ್ತಿತ್ತು. ಮುಂಬಯಿ ರಾಜ್ಯದಲ್ಲೂ ಅದಕ್ಕೆ ಅಪಾರ ಓದುಗರಿದ್ದರು. 1952ರಲ್ಲಿ ಮುಂಬಯಿ ಸರ್ಕಾರ ತನ್ನ ಕಾನೂನಿಗೆ ತಿದ್ದುಪಡಿ ತಂದು, ಹೊರರಾಜ್ಯದಲ್ಲಿ ಅಚ್ಚಾದ ಪತ್ರಿಕೆಗಳ ಸ್ಪರ್ಧೆಗೂ ಪರವಾನಗಿ, ತೆರಿಗೆ ವಿಧಿಸಿತು. ಪ್ರಕರಣ ಸುಪ್ರೀಂ ಕೋರ್ಟ್ ಮುಟ್ಟಿತು. 1957ರ ತೀರ್ಪಿನಲ್ಲಿ ನ್ಯಾಯಾಲಯ ಆ ಸ್ಪರ್ಧೆ ಜೂಜೇ ಎಂದಿತು. ಜೂಜಿಗೆ ವ್ಯಾಪಾರ ಸ್ವಾತಂತ್ರ್ಯದ ರಕ್ಷಣೆ ಇಲ್ಲ, ಗೆಲುವು ಗಣನೀಯ ಪ್ರಮಾಣದಲ್ಲಿ ಕೌಶಲವನ್ನು ಅವಲಂಬಿಸಿದ್ದರೆ ಮಾತ್ರ ಇದೆ ಎಂದು ಗೆರೆ ಎಳೆಯಿತು. ಅಷ್ಟರಲ್ಲೇ ಕೇಂದ್ರದ 1955ರ ಬಹುಮಾನ ಸ್ಪರ್ಧೆಗಳ ಕಾಯ್ದೆ ಇಂತಹ ಸ್ಪರ್ಧೆಗಳ ಬಹುಮಾನಕ್ಕೆ ತಿಂಗಳಿಗೆ ಒಂದು ಸಾವಿರ ರೂಪಾಯಿಯ ಮಿತಿ ಹಾಕಿತ್ತು.

ಆ ಗೆರೆ ಮುಂದೆಯೂ ಉಳಿಯಿತು. 1967ರಲ್ಲಿ ರಮ್ಮಿ, 1996ರಲ್ಲಿ ಕುದುರೆ ಪಂದ್ಯ ಕೌಶಲದ ಆಟ ಎನಿಸಿಕೊಂಡವು. 2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಕೌಶಲದವನ್ನೂ ಸೇರಿಸಿ, ನಿಷೇಧಿಸಿತು. ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ಅದನ್ನು ರದ್ದುಪಡಿಸಿತು.

ಜಗಳದ ಇನ್ನೊಂದು ಮುಖ ಅಮೆರಿಕದ ಪಿನ್‌ಬಾಲ್‌ನಲ್ಲಿದೆ. ಗಾಜು ಹೊದಿಸಿದ ಇಳಿಜಾರು ಮೇಜಿನ ಮೇಲೆ ಉರುಳಿ ಬರುವ ಉಕ್ಕಿನ ಗುಂಡನ್ನು, ಬದಿಯ ಗುಂಡಿಗಳನ್ನು ಒತ್ತಿ, ಪುಟ್ಟ ಕೈಗಳಿಂದ ಮೇಲಕ್ಕೆ ಚಿಮ್ಮಿಸುವ ಯಂತ್ರದ ಆಟ ಅದು. ಆ ಪುಟ್ಟ ಕೈಗಳು ಬಂದದ್ದೇ 1947ರಲ್ಲಿ. ಅದಕ್ಕೆ ಮೊದಲು ಅದೃಷ್ಟದ್ದೇ ಮೇಲುಗೈ, ಹಣ ಕೊಡುವ ಯಂತ್ರಗಳೂ ಇದ್ದವು. 1942ರಲ್ಲಿ ನ್ಯೂಯಾರ್ಕ್ ಮೇಯರ್ ಲಾಗಾರ್ಡಿಯಾ ಅದನ್ನು ನಿಷೇಧಿಸಿ, ವಶಪಡಿಸಿಕೊಂಡ ಯಂತ್ರಗಳನ್ನು ಸುತ್ತಿಗೆಯಿಂದ ಒಡೆಸಿದರು. 1976ರಲ್ಲಿ ರೋಜರ್ ಶಾರ್ಪ್ ಎಂಬ ಆಟಗಾರ ನಗರಸಭೆಯ ಪ್ರತಿನಿಧಿಗಳ ಎದುರಿಗೇ ಆಡಿ, ಗುಂಡು ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಮೊದಲೇ ಹೇಳಿ, ಹಾಗೆಯೇ ಹೊಡೆದು ತೋರಿಸಿದರು. ನಿಷೇಧ ತೆರವಾಯಿತು. ಒಬ್ಬ ಆಟಗಾರ ತನ್ನ ಆಟವನ್ನು ಕೈಚಳಕದಿಂದ ಉಳಿಸಿಕೊಂಡ ಆ ದಿನ ನನಗೆ ಬಹಳ ಇಷ್ಟ.

ಜೂಜಿನ ಕಳಂಕ ಕಳೆದ ಮೇಲೂ ಹಣದ ಪ್ರಶ್ನೆ ಉಳಿಯಿತು. ಪಿನ್‌ಬಾಲ್ ಸ್ಪರ್ಧೆಗಳಿಗೆ ವಿಶ್ವ ಶ್ರೇಯಾಂಕ ನೀಡುವ ಅಂತರರಾಷ್ಟ್ರೀಯ ಸಂಘಟನೆ, ಈಗ ಶಾರ್ಪ್ ಅವರ ಮಗ ಜೋಶ್ ಮುನ್ನಡೆಸುವ ಸಂಸ್ಥೆ, 2018ರಿಂದ ಅಮೆರಿಕದ ಶ್ರೇಯಾಂಕದ ಪಂದ್ಯಾವಳಿಗಳಲ್ಲಿ ಆಡುವ ಪ್ರತಿಯೊಬ್ಬರ ಲೆಕ್ಕಕ್ಕೆ ಒಂದು ಡಾಲರ್ ಪಡೆಯತೊಡಗಿತು. ಆ ಹಣ ಹೆಚ್ಚಾಗಿ ರಾಜ್ಯಮಟ್ಟದ ಚಾಂಪಿಯನ್‌ಷಿಪ್‌ಗಳ ಬಹುಮಾನ ನಿಧಿಗೆ ಹೋಗುತ್ತದೆ. ಮೊತ್ತ ಸಣ್ಣದಾದರೂ ಪ್ರಶ್ನೆ ಸಣ್ಣದಲ್ಲ. ವಾರಕ್ಕೊಮ್ಮೆ ಸ್ನೇಹಿತರೊಡನೆ ಆಡಿ ಮನೆಗೆ ಹೋಗುವವನು, ತಾನೆಂದೂ ತಲುಪದ ಅಂತಿಮ ಸುತ್ತಿನ ವಿಜೇತನಿಗೆ ಯಾಕೆ ಹಣ ಕೂಡಿಡಬೇಕು? ಪ್ರಾಯೋಜಕರನ್ನು ನಂಬಿ ಕೂರುವುದಕ್ಕಿಂತ ಆಟಗಾರರೇ ತಮ್ಮ ಆಟವನ್ನು ಸಾಕುವುದು ಮೇಲು ಎಂಬುದು ಎದುರಿನ ಮಾತು. ಎರಡರಲ್ಲೂ ಹುರುಳಿದೆ.

ನಮ್ಮ ಕಡೆಯ ಸಂಕಟ ಇನ್ನೂ ಬಿಗಿ. ಪಾವಗಡ, ಮಧುಗಿರಿಯ ಹಳ್ಳಿಯಿಂದ ಬರುವ ಹುಡುಗರಿಗೆ ಶುಲ್ಕದ ಜೊತೆಗೆ ಟೆಂಪೊ ಬಾಡಿಗೆ, ಊಟ, ಆ ದಿನದ ಕೂಲಿ ಎಲ್ಲವೂ ಸೇರುತ್ತದೆ. ಬಹುಮಾನ ದೊಡ್ಡದಾದಷ್ಟೂ ದೂರದ ಪಳಗಿದ ತಂಡಗಳು ಬರುತ್ತವೆ, ಊರಿನ ತಂಡ ಮೊದಲ ಸುತ್ತಿನಲ್ಲೇ ಶುಲ್ಕ ಕಟ್ಟಿ ಕೈ ತೊಳೆದುಕೊಳ್ಳುತ್ತದೆ. ಎರಡು ಮೂರು ವರ್ಷ ಹೀಗಾದರೆ ಹೊಸ ಹುಡುಗರು ಅಂಕಣಕ್ಕೆ ಇಳಿಯುವುದನ್ನೇ ಬಿಡುತ್ತಾರೆ. ಇನ್ನು ಬಹುಮಾನವನ್ನೆಲ್ಲ ಒಬ್ಬನೇ ದಾನಿಯ ಮೇಲೆ ಹೊರಿಸಿದರೆ ಚುನಾವಣೆಯ ವರ್ಷದಲ್ಲಿ ಉಕ್ಕಿ ಬರುವ ಹಣ ಮರುವರ್ಷ ಬತ್ತಿಹೋಗುತ್ತದೆ. ಪಂದ್ಯಾವಳಿಯೂ ಅದರೊಡನೆ ನಿಲ್ಲುತ್ತದೆ.

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಹಣದ ಆಟಗಳನ್ನು ನಿಷೇಧಿಸಿದಾಗಲೂ ಇ-ಕ್ರೀಡೆಗಳಿಗೆ, ಅಂದರೆ ವಿಡಿಯೊ ಗೇಮ್ ಸ್ಪರ್ಧೆಗಳಿಗೆ, ಒಂದು ದಾರಿ ಬಿಟ್ಟಿತು: ಸ್ಪರ್ಧೆಗೆ ಸೇರಲು ಅಥವಾ ಆಡಳಿತದ ಖರ್ಚಿಗೆ ಮಾತ್ರ ಶುಲ್ಕ ಪಡೆಯಬಹುದು, ಆಟದ ಸಾಧನೆಗೆ ಬಹುಮಾನವನ್ನೂ ಕೊಡಬಹುದು. ಈ ಕಾಯ್ದೆ ಕಬಡ್ಡಿ ಅಂಕಣಕ್ಕೆ ಅನ್ವಯಿಸುವುದಿಲ್ಲ. ಆದರೆ ಶುಲ್ಕ ಖರ್ಚಿಗೆ, ಬಹುಮಾನ ಬೇರೆ ಮೂಲದಿಂದ ಎಂದು ಸಂಘಟಕರು ತಾವೇ ಅಳವಡಿಸಿಕೊಳ್ಳಬಹುದು. ಊರಿನ ಅಂಗಡಿ, ಡೇರಿ, ಯುವಕ ಸಂಘ, ಹಳೆಯ ಆಟಗಾರರು ಸ್ವಲ್ಪ ಸ್ವಲ್ಪ ಕೊಟ್ಟರೆ ಒಬ್ಬ ಹಿಂದೆ ಸರಿದರೂ ಪಂದ್ಯಾವಳಿ ನಿಲ್ಲದು. ಮುಂದಿನ ಜಾತ್ರೆಯ ಕರಪತ್ರದಲ್ಲಿ ದಾನಿಗಳ ಪಟ್ಟಿಯ ಕೆಳಗೆ ಇನ್ನೆರಡು ಸಾಲು ಸೇರಲಿ: ಕಳೆದ ವರ್ಷ ತಂಡಗಳಿಂದ ಬಂದ ಶುಲ್ಕ ಎಷ್ಟು, ಅದು ಯಾವುದಕ್ಕೆ ಖರ್ಚಾಯಿತು.