ಲೈಸೆನ್ಸ್ ರಾಜ್ ಶುರುವಾಗಿದ್ದು ನೆಹರೂ ಕಾಲದಲ್ಲಲ್ಲ

ಲೈಸೆನ್ಸ್ ರಾಜ್ (ಆಮದು, ಕಾರ್ಖಾನೆ ಎಲ್ಲಕ್ಕೂ ಸರ್ಕಾರದ ಪರ್ಮಿಟ್ ಬೇಕಿದ್ದ ವ್ಯವಸ್ಥೆ) ಅಂದ್ರೆ ಸಾಕು, ಎಲ್ರೂ ನೆಹರೂ ಕಡೆ ಬೊಟ್ಟು ಮಾಡ್ತಾರೆ. ಪಂಚವಾರ್ಷಿಕ ಯೋಜನೆ, ಸಮಾಜವಾದ, ಸ್ಕೂಟರ್‌ಗೆ ವರ್ಷಗಟ್ಟಲೆ ಕಾಯೋದು, ಅದೇ ಕಥೆ. ನೆಹರೂದು ಏನೂ ಪಾಲಿಲ್ಲ ಅಂತಲ್ಲ, ಆದ್ರೆ ಆ ಪರ್ಮಿಟ್ ಫಾರಂಗಳನ್ನ ಮೊದಲು ಅಚ್ಚು ಹಾಕಿಸಿದ್ದು ಬ್ರಿಟಿಷರು, ಅದೂ ಎರಡನೇ ಮಹಾಯುದ್ಧಕ್ಕೋಸ್ಕರ.

1939ರ ಸೆಪ್ಟೆಂಬರ್ 3ಕ್ಕೆ ವೈಸರಾಯ್ ಲಿನ್‌ಲಿತ್‌ಗೋ ಇಲ್ಲಿನ ನಾಯಕರನ್ನ ಒಂದು ಮಾತೂ ಕೇಳದೆ ಭಾರತವೂ ಯುದ್ಧಕ್ಕಿಳಿದಿದೆ ಅಂತ ಘೋಷಿಸಿಬಿಟ್ಟ, ಜೊತೆಗೇ ಡಿಫೆನ್ಸ್ ಆಫ್ ಇಂಡಿಯಾ ರೂಲ್ಸ್ ಬಂತು. ಜನಕ್ಕೆ ಅದು ನೆನಪಿರೋದು ಜೈಲಿಗೆ ತಳ್ಳೋ ಕಾನೂನಾಗಿ. ಆದ್ರೆ ವಿದೇಶಿ ವಿನಿಮಯದ ಕಂಟ್ರೋಲ್ ಶುರುವಾಗಿದ್ದು ಅದ್ರ ಕೆಳಗೇ, 1940ರ ಮೇನಲ್ಲಿ ಆಮದಿಗೆ ಲೈಸೆನ್ಸ್ ಬಂದಿದ್ದೂ ಅದ್ರ ಕೆಳಗೇ (ಹಡಗಲ್ಲಿ ಜಾಗ ಉಳಿಸ್ಬೇಕಿತ್ತು, ಡಾಲರ್ ಉಳಿಸ್ಬೇಕಿತ್ತು), 1941ರಲ್ಲಿ ಕಬ್ಬಿಣ, ಉಕ್ಕು ಯಾರಿಗೆಷ್ಟು ಅನ್ನೋದನ್ನ ಸರ್ಕಾರವೇ ಹಂಚೋಕೆ ಶುರು ಮಾಡ್ತು, 1943ರ ಮೇ ಹೊತ್ತಿಗೆ ಕಂಪನಿಯವರು ಷೇರು ಮಾರಿ ಬಂಡವಾಳ ಎತ್ತಬೇಕಂದ್ರೂ ದೆಹಲಿಯ ಅನುಮತಿ ಬೇಕಾಯ್ತು.

ಇಷ್ಟೆಲ್ಲ ಯಾಕೆ ಅಂದ್ರೆ, ಬ್ರಿಟನ್ ಇಲ್ಲಿ ಸಾಮಾನು ಕೊಳ್ತಿದ್ದಿದ್ದು ಸಾಲದ ಲೆಕ್ಕದಲ್ಲಿ. ಲಂಡನ್ನಿನ ಖಾತೇಲಿ ಇಷ್ಟು ಪೌಂಡ್ ನಿಮ್ಮದು ಅಂತ ಬರ್ಕೊಳ್ಳೋದು, ಅದನ್ನ ತೋರಿಸಿ ಇಲ್ಲಿ ರಿಸರ್ವ್ ಬ್ಯಾಂಕ್ ನೋಟು ಅಚ್ಚು ಹಾಕೋದು. ಯುದ್ಧ ಶುರುವಾದಾಗ ಸುಮಾರು 180 ಕೋಟಿ ರೂಪಾಯಿ ನೋಟು ಚಲಾವಣೇಲಿತ್ತು, 1945ಕ್ಕೆ 1,100 ಕೋಟಿ ದಾಟಿತ್ತು. ನೋಟು ಆರು ಪಟ್ಟಾಯ್ತು, ಅಂಗಡೀಲಿ ಸಾಮಾನು ಮಾತ್ರ ಇನ್ನೂ ಕಮ್ಮಿ, ಯಾಕಂದ್ರೆ ಬಟ್ಟೆ, ಉಕ್ಕು, ಮರ ಎಲ್ಲ ಸೈನ್ಯಕ್ಕೆ ಹೋಗ್ತಿತ್ತು. ರೇಟು ಕೈ ಮೀರಿದ್ಮೇಲೆ 1943ರ ಜೂನ್‌ನಲ್ಲಿ ಬಟ್ಟೆಗೂ ಕಂಟ್ರೋಲ್ ಬಂತು, ನಗರಗಳಲ್ಲಿ ರೇಷನ್ ಶುರುವಾಯ್ತು. ಅದೇ ವರ್ಷ ಬಂಗಾಳದ ಬರಗಾಲ, ಹತ್ತಿರತ್ತಿರ 30 ಲಕ್ಷ ಜನ ಸತ್ರು ಅನ್ನೋ ಅಂದಾಜಿದೆ. ಕಲ್ಕತ್ತಾದಲ್ಲಿ ಯುದ್ಧಕ್ಕೆ ಬೇಕಾದ ಕಾರ್ಖಾನೆ ಕೆಲಸಗಾರರಿಗೆ ಅಕ್ಕಿ ಮೊದಲು, ಹಳ್ಳಿಯವರ ಸರದಿ ಆಮೇಲೆ. ಇದನ್ನೂ ಪ್ಲಾನಿಂಗ್ ಅಂತಲೇ ಕರೀಬೇಕಾ?

ನಮ್ಮ ಬೆಂಗಳೂರಿನ ಎಚ್‌ಎಎಲ್ ಕೂಡ ಆ ಕಾಲದ ಕೂಸೇ. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಜೊತೆ ಸೇರಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದ್ರು. 1942ರಲ್ಲಿ ಜಪಾನಿನವರು ಬರ್ಮಾಕ್ಕೆ ಬಂದಾಗ ಭಾರತ ಸರ್ಕಾರ ವಾಲ್‌ಚಂದ್ ಪಾಲನ್ನ ಕೊಂಡ್ಕೊಂಡು ಹಿಡಿತ ತಾನೇ ತಗೊಂಡ್ತು, ಮುಂದಿನ ವರ್ಷ ಅಲ್ಲಿ ಅಮೆರಿಕದ ಸೈನ್ಯದ ವಿಮಾನಗಳು ರಿಪೇರಿಯಾಗ್ತಿದ್ವು. ಅದೇ ಸರ್ಕಾರ ವಿಶ್ವೇಶ್ವರಯ್ಯನವರು ಓಡಾಡಿ ಓಡಾಡಿ ತಯಾರು ಮಾಡಿದ್ದ ಕಾರ್ ಕಾರ್ಖಾನೆ ಯೋಜನೆಗೆ ಕೈ ಜೋಡಿಸಲಿಲ್ಲ. ಯುದ್ಧಕ್ಕೆ ಏನು ಬೇಕೋ ಅಷ್ಟೇ.

ಯುದ್ಧ ಮುಗೀತು. 1946ರಲ್ಲಿ ಹಳೇ ರೂಲ್ಸ್ ಅವಧಿ ಮುಗಿಯೋ ಹೊತ್ತಿಗೆ ಅಗತ್ಯ ಸರಬರಾಜಿಗೆ ಒಂದು ಕಾಯ್ದೆ ಬಂತು, ಹೆಸರಲ್ಲೇ ‘ತಾತ್ಕಾಲಿಕ ಅಧಿಕಾರಗಳು’ ಅಂತ ಇತ್ತು, ನಗು ಬರುತ್ತೆ. 1947ರಲ್ಲಿ ಆಮದು-ರಫ್ತು, ವಿದೇಶಿ ವಿನಿಮಯ, ಬಂಡವಾಳ ಮೂರಕ್ಕೂ ಬೇರೆ ಬೇರೆ ಕಾಯ್ದೆಗಳಾದ್ವು. ಗಾಂಧೀಜಿ ಕಂಟ್ರೋಲ್ ತೆಗೀರಿ ಅಂತ ಹಠ ಹಿಡಿದ್ರು, 1947ರ ಕೊನೆಯಿಂದ ಒಂದೊಂದಾಗಿ ತೆಗೆದ್ರು, ಆದ್ರೆ ರೇಟು ಜಿಗೀತು, 1948ರಲ್ಲಿ ವಾಪಸ್ ತಂದ್ರು.

ವ್ಯಾಪಾರಸ್ಥರಿಗೆಲ್ಲ ಇದು ಬೇಡವಾಗಿತ್ತು ಅನ್ಕೋಬೇಡಿ. ಹಿಂದೆ ಎಷ್ಟು ಆಮದು ಮಾಡಿದ್ರೋ ಅದ್ರ ಮೇಲೆ ಕೋಟಾ ಸಿಗ್ತಿತ್ತು, ಅಂದ್ರೆ ಹಳಬರಿಗೆ ಕೂತಲ್ಲೇ ಲಾಭ, ಹೊಸಬರಿಗೆ ಬಾಗಿಲು ಬಂದ್. 1944ರಲ್ಲಿ ಟಾಟಾ, ಬಿರ್ಲಾ ಸೇರಿದಂತೆ ಉದ್ಯಮಿಗಳೇ ಕೂತು ಬರೆದ ಬಾಂಬೆ ಪ್ಲಾನ್ ಅನ್ನೋ ಆರ್ಥಿಕ ಯೋಜನೆಯಲ್ಲೂ ಸರ್ಕಾರದ ಹಿಡಿತಕ್ಕೆ ಒಪ್ಪಿಗೆ ಇತ್ತು. ಹಾಗಾಗಿ 1951ರಲ್ಲಿ ಕೈಗಾರಿಕೆ ಲೈಸೆನ್ಸಿನ ಕಾಯ್ದೆ ಬಂದಾಗ ಕಚೇರಿ, ಗುಮಾಸ್ತ, ಫೈಲು, ಕಾಯ್ದು ನಿಲ್ಲೋ ಅಭ್ಯಾಸ ಎಲ್ಲ ಮೊದಲೇ ರೆಡಿ ಇತ್ತು.

ಷೇರು ಬಂಡವಾಳಕ್ಕೆ ಅನುಮತಿ ಕೊಡ್ತಿದ್ದ ಆ 1943ರ ವ್ಯವಸ್ಥೆ ಕೊನೆಗೂ ಹೋಗಿದ್ದು 1992ರಲ್ಲಿ, ಆ ಕೆಲಸ ಷೇರು ಮಾರುಕಟ್ಟೆ ನೋಡ್ಕೊಳ್ಳೋ ಸೆಬಿಗೆ ಬಂತು. ಆ ‘ತಾತ್ಕಾಲಿಕ’ ಕಾಯ್ದೆ 1955ರಲ್ಲಿ ಅಗತ್ಯ ವಸ್ತುಗಳ ಕಾಯ್ದೆ ಅಂತ ಹೆಸರು ಬದಲಾಯಿಸ್ಕೊಂಡು ಉಳ್ಕೊಂಡಿದೆ, 2020ರ ಮಾರ್ಚ್‌ನಲ್ಲಿ ಮಾಸ್ಕು, ಸ್ಯಾನಿಟೈಸರ್‌ಗೆ ರೇಟ್ ಕಟ್ಟಿದ್ದು ಅದ್ರ ಕೆಳಗೇ.